ಸೇಬಿಲ್ಲದ ಆಪಲ್ ಪೈ

ಮೊನ್ನೆ ಭಾನುವಾರ ನನ್ನ ಹೆಂಡತಿ ಬಿಸಿಬೇಳೆಭಾತಿನ ಪುಡಿಗೆ ಚಕ್ಕೆ ಲವಂಗ ಹುರಿಯುತ್ತಿದ್ದಳು. ಪಕ್ಕದ ಒಲೆಯ ಮೇಲೆ ಸೀಮೆಬದನೆಕಾಯಿ ಬೇಯುತ್ತಿತ್ತು. ತಿರುವನಂತಪುರದ ಈ ಬಾಡಿಗೆ ಮನೆಯ ಅಡುಗೆಮನೆಗೆ ಒಂದೇ ಕಿಟಕಿ. ಅದೂ ನಾನು ಪೇಪರ್ ಓದಲು ಕೂರುವ ಜಗಲಿಯ ಕಡೆಗೆ. ಎರಡು ವಾಸನೆಗಳೂ ಒಟ್ಟಿಗೆ ಬಂದು ಮೂಗಿಗೆ ತಗಲಿದವು. ಬೇರೆಯವರಾಗಿದ್ದರೆ ಊಟದ ಹೊತ್ತಾಯಿತು ಎಂದುಕೊಳ್ಳುತ್ತಿದ್ದರು. ನನಗೆ ಅಮೆರಿಕದ ನೆನಪಾಯಿತು.

ಅಮೆರಿಕವನ್ನು ನಾನು ನೋಡಿಲ್ಲ. ನೋಡುವ ಅವಕಾಶ ಬಂದಿದ್ದರೂ ವಿಮಾನ, ಚಳಿ, ಅಲ್ಲಿಯ ಕಕ್ಕಸು ಇವುಗಳ ಚಿಂತೆಯಲ್ಲೇ ರಜಾ ಅರ್ಜಿ ಹರಿದು ಹಾಕುತ್ತಿದ್ದೆ. ನಾನು ಕಂಡ ಅಮೆರಿಕ ಇದ್ದದ್ದು ಫೋರ್ಟ್ ಕೊಚ್ಚಿಯ ಒಂದು ಓಣಿಯಲ್ಲಿ, ನಾಲ್ಕು ಮೇಜುಗಳ ಒಂದು ಕೋಣೆಯಲ್ಲಿ. ಅದರ ಯಜಮಾನರೂ ಅಡುಗೆಯವರೂ ಒಬ್ಬರೇ. ಓಣಿಯವರೆಲ್ಲ ಅವರನ್ನು ಕಪ್ಪಲ್ ಚೇಟ್ಟ ಎನ್ನುತ್ತಿದ್ದರು. ಹಡಗಿನ ಅಣ್ಣ ಎಂದು ಅರ್ಥ. ನಾನೂ ಚೇಟ್ಟ ಎಂದೇ ಕರೆದೆ. ಹೆಸರು ಕೇಳಿ ಬರೆದುಕೊಂಡಿದ್ದೆ, ಸರ್ಕಾರಿ ನಮೂನೆಯಲ್ಲಿ... ಆ ನಮೂನೆಯ ವಿಷಯಕ್ಕೇ ಬರುತ್ತೇನೆ.

ಅರವತ್ತರ ದಶಕದ ಕೊನೆಯಲ್ಲಿ ನಾನು ಕೊಚ್ಚಿಯಲ್ಲಿ ಕೇಂದ್ರ ಸರ್ಕಾರದ ಒಂದು ಸಣ್ಣ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹಡಗಿನಲ್ಲಿ ಬಂದಿಳಿಯುವ ಪ್ರವಾಸಿಗಳಿಗೆ ಊರಿನ ವಿವರದ ಒಂದು ಹಾಳೆ ಕೊಡುವುದು ನಮ್ಮ ಕೆಲಸ. ಹಳೆಯ ಚರ್ಚು, ಡಚ್ಚರ ಗೋರಿಗಳು, ಚೀನಾ ಬಲೆಗಳು ಎಲ್ಲವೂ ಅದರಲ್ಲಿದ್ದವು. ಒಂದು ದಿನ ದಿಲ್ಲಿಯಿಂದ ಕಾಗದ ಬಂತು. ಯಾರೋ ಅಮೆರಿಕನ್ ಪ್ರವಾಸಿಗಳು ಊರು ಚಂದ, ಆದರೆ ತಿನ್ನಲು ನಮ್ಮ ಅಮೆರಿಕದ ಊಟ ಎಲ್ಲಿ ಸಿಗುತ್ತದೆಂದು ಹೇಳುವವರಿಲ್ಲ ಎಂದು ದೂರಿದ್ದರಂತೆ. ಮುಂದಿನ ಹಾಳೆಯಲ್ಲಿ ಅದೂ ಇರಬೇಕು ಎಂದು ಅಪ್ಪಣೆ.

ಮೇಲಧಿಕಾರಿಗಳು ನನ್ನನ್ನು ಕರೆದರು. “ನೀವು ಬೆಂಗಳೂರಿನವರಲ್ಲವೇ? ದಂಡಿನ ದೊರೆಗಳ ಊಟ ಕಂಡವರು. ಈ ಕೆಲಸ ನಿಮ್ಮದೇ.”

“ಅವರು ಇಂಗ್ಲಿಷರು ಸಾರ್. ಅಲ್ಲದೆ ನಾನು ಮೊಟ್ಟೆಯನ್ನೂ ಮುಟ್ಟದವನು.”

“ಯಾರು ನಿಮ್ಮನ್ನು ತಿನ್ನಿ ಎಂದದ್ದು? ನಮೂನೆ ತುಂಬಿಸಿಕೊಂಡು ಬನ್ನಿ.”

ನಮೂನೆಯಲ್ಲಿ ಐದು ಕಾಲಂ: ಸ್ಥಳ, ತಿನಿಸು, ಚೊಕ್ಕತನ, ವೇಳೆ, ಕೊನೆಯದು ಷರಾ. ಈ ಷರಾದ ಬಗ್ಗೆ ಎರಡು ಮಾತು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಗುಮಾಸ್ತರೊಬ್ಬರು ನನಗೆ ಮಾಡಿದ ಉಪದೇಶ ಒಂದೇ: ಷರಾ ಕಾಲಂ ಖಾಲಿ ಬಿಡಬೇಡ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ, ಇವನಿಗೆ ಗೊತ್ತಿರಲಿಲ್ಲ ಎಂದು ನಿನ್ನ ಕುತ್ತಿಗೆಗೆ ಬರುತ್ತದೆ. ಏನಾದರೊಂದು ಬರೆದಿಟ್ಟರೆ ನೀನು ಬಚಾವು. ಹುಟ್ಟಿನಿಂದಲೇ ಪುಕ್ಕಲನಾದ ನನಗೆ ಇದು ಮಂತ್ರದ ಹಾಗೆ ಹಿಡಿಸಿತ್ತು. ಮದುವೆಯ ಲಗ್ನಪತ್ರಿಕೆಯ ಕೆಳಗೂ ಷರಾ ಬರೆಯದಿದ್ದದ್ದು ನನ್ನ ಹೆಂಡತಿಯ ಪುಣ್ಯ.

ದೊಡ್ಡ ಹೋಟೆಲುಗಳಲ್ಲಿ ಸಿಗುತ್ತಿದ್ದದ್ದು ಇಂಗ್ಲಿಷರು ಬಿಟ್ಟುಹೋದ ಸೂಪು, ಪುಡಿಂಗು. ಅಮೆರಿಕನ್ ಎಂದರೆ ಎಲ್ಲರೂ ಕಪ್ಪಲ್ ಚೇಟ್ಟನ ಓಣಿ ತೋರಿಸಿದರು. ಹೋದೆ. ಅರವತ್ತರ ಹತ್ತಿರದ ವಯಸ್ಸು, ತೆಳ್ಳಗಿನ ಆಳು, ಮುಂಡಿನ ಮೇಲೆ ಬಿಳಿ ಏಪ್ರನ್. ಒಂಬತ್ತು ವರ್ಷ ಅಮೆರಿಕನ್ ಸರಕು ಹಡಗಿನ ಅಡುಗೆಮನೆಯಲ್ಲಿದ್ದವರಂತೆ. ಅಂಗಡಿ ತೆರೆದ ಹೊಸತರಲ್ಲಿ ಅಂಬಲಮುಗಳಿನಲ್ಲಿ ಪೆಟ್ರೋಲ್ ಶುದ್ಧೀಕರಿಸುವ ಕಾರ್ಖಾನೆ ಕಟ್ಟಲು ಬಂದಿದ್ದ ಅಮೆರಿಕನ್ನರು ಭಾನುವಾರ ಭಾನುವಾರ ದೋಣಿಯಲ್ಲಿ ದಾಟಿ ಬರುತ್ತಿದ್ದರು. ಕಟ್ಟುವ ಕೆಲಸ ಮುಗಿಯಿತು, ಅವರು ಹೊರಟುಹೋದರು. ಈಗ ನಾಲ್ಕು ಮೇಜಿನಲ್ಲಿ ಒಂದರ ಮೇಲೆ ಬೆಕ್ಕು ಮಲಗಿತ್ತು.

ನಾನು ಪುಸ್ತಕ ತೆಗೆದು ತನಿಖೆ ಶುರುಮಾಡಿದೆ. “ಹ್ಯಾಂಬರ್ಗರ್ ಎಂದರೆ?”

“ಬನ್ನಿನ ನಡುವೆ ಇರಚ್ಚಿ, ಸಾರೇ. ಅರೆದು, ತಟ್ಟಿ, ಕಾವಲಿಯ ಮೇಲೆ.”

ಇರಚ್ಚಿ ಎಂದರೆ ಮಾಂಸ ಎಂದು ನನಗೆ ಗೊತ್ತಿತ್ತು. ಯಾವುದರದು ಎಂದು ಕೇಳಲಿಲ್ಲ. ಆ ಪದ ಬರೆಯಲು ನಾನು ತಡವರಿಸಿದ್ದನ್ನು ಕಂಡು ಅವರು ನಕ್ಕರು.

“ಸಾರ್ ಪಟ್ಟರ ಹಾಗೆ, ಬ್ರಾಹ್ಮಣರ ಹಾಗೆ ಕಾಣ್ತೀರಿ. ತಿನ್ನದೆ ಬರೆಯೋದು ಹೇಗೆ? ಸಮುದ್ರ ನೋಡದವ ಹಡಗು ನಡೆಸಿದ ಹಾಗೆ.”

“ನೀವು ಹೇಳಿದ್ದನ್ನು ಬರೀತೇನೆ ಚೇಟ್ಟಾ.”

“ನಾನು ಹೇಳಿದರೆ ನನ್ನ ಅಂಗಡಿಯೇ ಲೋಕಕ್ಕೆ ಒಳ್ಳೇದು,” ಎಂದರು. ಆಮೇಲೆ ನಗು ನಿಲ್ಲಿಸಿ ಎದುರಿಗೆ ಕೂತರು. ಹೆಂಡತಿ ತೀರಿಕೊಂಡಿದ್ದಳು. ಒಬ್ಬಳೇ ಮಗಳು ತಿರುವನಂತಪುರಕ್ಕೆ ಮದುವೆಯಾಗಿ ಹೋಗಿದ್ದಳು. ಅಂಗಡಿ ಮುಚ್ಚಿ ನಮ್ಮಲ್ಲಿಗೆ ಬಾ ಎಂದು ಅಳಿಯನ ಕಾಗದ ಬರುತ್ತಲೇ ಇತ್ತಂತೆ. “ಒಳ್ಳೆ ಹುಡುಗ. ಆದರೆ ಅಲ್ಲಿ ಅವನ ಅಮ್ಮನ ಅಡುಗೆಮನೆ, ಸಾರೇ. ನನಗೆ ಕುರ್ಚಿ ಹಾಕಿ ಕೂರಿಸ್ತಾರೆ. ಹಡಗಿನವರ ಕಣ್ಣಿಗೆ ಬೀಳೋ ಹಾಗೆ ನಿಮ್ಮ ಹಾಳೆಯಲ್ಲಿ ಒಂದು ಸಾಲು ಬಂದರೆ ನಾನು ಇಲ್ಲೇ ನಿಂತುಕೊಂಡೇ ಸಾಯಬಹುದು.”

ಅಂದರೆ ಆ ಒಂದು ಸಾಲಿನ ಮೇಲೆ ಅವರ ಒಲೆ ನಿಂತಿತ್ತು. ಇಂಥ ಭಾರ ನನ್ನ ಮೇಲೆ ಬಿದ್ದದ್ದು ಅದೇ ಮೊದಲು.

ಮುಂದಿನ ಸಲ ಹೋದಾಗ ನನಗಾಗಿ ಬೇರೆ ತಟ್ಟೆಯಲ್ಲಿ ಆಪಲ್ ಪೈ, ಸೇಬು ತುಂಬಿದ ಅಮೆರಿಕದ ಕಡುಬು, ಮಾಡಿಟ್ಟಿದ್ದರು. ಹಿಟ್ಟಿಗೆ ಪ್ರಾಣಿಯ ಕೊಬ್ಬು ಹಾಕುವುದು ಪದ್ಧತಿಯಂತೆ. ಇದಕ್ಕೆ ಮಾತ್ರ ವನಸ್ಪತಿ, ಮೊಟ್ಟೆಯ ಸೋಂಕೂ ಇಲ್ಲ, ಹೊಸ ತಟ್ಟೆ ಬೇರೆ. ಅವರ ಎದುರು ತಿನ್ನಲು ಸಂಕೋಚವಾಗಿ ಕಾಗದದಲ್ಲಿ ಸುತ್ತಿಸಿಕೊಂಡು ಮನೆಗೆ ತಂದೆ. ಚಕ್ಕೆಯ ಘಮ, ಮೇಲೆ ಗರಿಗರಿ, ಒಳಗೆ ಹುಳಿಸಿಹಿಯ ಹೋಳುಗಳು. ನಾನು ಮೂರನೆಯ ತುತ್ತಿನಲ್ಲಿದ್ದಾಗ ನನ್ನ ಹೆಂಡತಿ ಒಂದು ಹೋಳನ್ನು ಬೆರಳಿನಿಂದ ಒತ್ತಿ ನೋಡಿದಳು.

“ರೀ, ಇದು ಸೇಬಲ್ಲ. ನಮ್ಮ ಸೀಮೆಬದನೆಕಾಯಿ ಕಣ್ರೀ!”

“ಏನು ಮಾತಾಡ್ತೀಯ! ಅಮೆರಿಕದವರು ಸೀಮೆಬದನೆಕಾಯಿ ತಿಂತಾರಾ?”

“ಹುಳಿಗೆ ದಿನಾ ಹೆಚ್ಚೋಳು ನಾನು. ನನಗೆ ಹೇಳ್ಕೊಡ್ತೀರಾ? ಚೆನ್ನಾಗಿದೆಯೋ ಇಲ್ಲವೋ, ಅದು ಹೇಳಿ.”

ಚೆನ್ನಾಗಿತ್ತು. ಚಿಂತೆಗೆ ಅದೇ ಕಾರಣವಾಯಿತು. ಮರುದಿನವೇ ಹೋಗಿ ಕೇಳಿದೆ. ಚೇಟ್ಟ ಏನನ್ನೂ ಮುಚ್ಚಿಡಲಿಲ್ಲ. ಉತ್ತರದ ಸೇಬು ಕೊಚ್ಚಿ ಸೇರುವಷ್ಟರಲ್ಲಿ ಹಿಟ್ಟು ಹಿಟ್ಟಾಗಿರುತ್ತದೆ, ಒಲೆಗಿಟ್ಟರೆ ಕರಗಿ ಗಂಜಿಯಾಗುತ್ತದೆ. ಇದಾದರೆ ಬೆಟ್ಟದ ಕಡೆಯ ಲಾರಿಯಲ್ಲಿ ವಾರವಾರವೂ ಬರುತ್ತದೆ, ಬೆಂದರೂ ಹೋಳು ಹೋಳಾಗಿ ನಿಲ್ಲುತ್ತದೆ, ನಿಂಬೆರಸ ಹಿಂಡಿದರೆ ಮುಗಿಯಿತು. “ಹಡಗಿನಲ್ಲೂ ಸೇಬು ಮುಗಿದಾಗ ಸಿಕ್ಕಿದ್ದರಲ್ಲೇ ಮಾಡ್ತಿದ್ದೆವು, ಸಾರೇ. ಕ್ಯಾಪ್ಟನ್ ತಟ್ಟೆ ನೆಕ್ಕುತ್ತಿದ್ದ.”

“ಆದರೂ ಹೆಸರು ಆಪಲ್ ಪೈ ಅಂತ ತಾನೇ?”

“ಮತ್ತೇನು ಅನ್ನಲಿ? ಬೆಂಗಳೂರು ಕತ್ತರಿಕ್ಕ ಪೈ ಅಂದರೆ ಬರ್ತಾರಾ?”

ಆ ಕಾಯಿಗೆ ಅಲ್ಲಿಯ ಹೆಸರು ನಮ್ಮೂರಿನದೇ ಎಂದು ಗೊತ್ತಾದಾಗ ನನಗೆ ಹೆಮ್ಮೆಯಾಗಬೇಕಿತ್ತು. ಆಗಲಿಲ್ಲ. ಮೂರು ದಿನ ಯೋಚಿಸಿದೆ. ಅಮೆರಿಕನ್ ಹೆಂಗಸೊಬ್ಬಳು ಪೈ ತಿಂದು, ಇದು ಸೇಬಲ್ಲ ಎಂದು ಕಂಡುಹಿಡಿದು, ರಾಯಭಾರಿಗೆ ಬರೆದು, ರಾಯಭಾರಿ ಮಂತ್ರಿಗೆ ಬರೆದು, ಮಂತ್ರಿಗಳು ಫೈಲು ತರಿಸಿ, ಕೊನೆಗೆ ಎಲ್ಲರ ಬೆರಳೂ ನನ್ನ ಸಹಿಯ ಮೇಲೆ ಬಂದು ನಿಲ್ಲುವುದನ್ನು ಕಣ್ಣಾರೆ ಕಂಡೆ. ಒಂದು ಸೀಮೆಬದನೆಕಾಯಿಯಿಂದ ಎರಡು ದೇಶಗಳ ಸಂಬಂಧ ಕೆಡಬಾರದಲ್ಲ!

“ಬರೆದುಕೊಡಿ ಸುಮ್ಮನೆ,” ಎಂದಳು ಹೆಂಡತಿ. “ಪಾಪ, ನಿಮಗೋಸ್ಕರ ಹೊಸ ತಟ್ಟೆ ತಂದ ಮನುಷ್ಯ.”

ಬರೆದುಕೊಟ್ಟೆ. ಸ್ಥಳ, ತಿನಿಸು, ಚೊಕ್ಕತನ, ವೇಳೆ ಎಲ್ಲವೂ ಉತ್ತಮ. ಷರಾ ಕಾಲಂ ಖಾಲಿ ಇತ್ತು. ಖಾಲಿ ಕಾಲಮ್ಮನ್ನು ನೋಡಿ ಸುಮ್ಮನಿರುವ ಶಕ್ತಿ ದೇವರು ನನಗೆ ಕೊಟ್ಟಿಲ್ಲ. ಆಪಲ್ ಪೈಯನ್ನು ಸ್ಥಳೀಯ ತರಕಾರಿಯಿಂದ ತಯಾರಿಸಲಾಗುತ್ತದೆ, ಸೇಬು ಇರುವುದಿಲ್ಲ ಎಂದು ಬರೆದೆ. ಸತ್ಯವನ್ನೇ ಬರೆದೆ ಎಂಬ ಸಮಾಧಾನವೂ ಆಯಿತು. ಈಗ ಯೋಚಿಸಿದರೆ ಅದು ಸತ್ಯದ ಮೇಲಿನ ಪ್ರೀತಿಯಲ್ಲ, ನನ್ನ ಚರ್ಮದ ಮೇಲಿನದು.

ಮೇಲಧಿಕಾರಿಗಳು ಮೊದಲು ಓದಿದ್ದೇ ಷರಾ. “ಸರ್ಕಾರದ ಹೆಸರಿನಲ್ಲಿ ಸುಳ್ಳು ಪೈ ತಿನ್ನಿಸೋದೇನ್ರೀ?” ಎಂದು ಕೆಂಪು ಪೆನ್ಸಿಲಿನಲ್ಲಿ ಚೇಟ್ಟನ ಅಂಗಡಿಯ ಇಡೀ ಸಾಲನ್ನು ಹೊಡೆದುಹಾಕಿದರು. “ಪೈ ಒಂದನ್ನು ಬಿಟ್ಟು ಉಳಿದದ್ದನ್ನು ಹಾಕಬಹುದಲ್ಲ ಸಾರ್,” ಎಂದೆ. ಎಂದೆ ಎಂದುಕೊಂಡಿದ್ದೇನೆ... ತುಟಿ ಅಲುಗಿದ್ದು ನಿಜ. ಸದ್ದು ಹೊರಟಿತೋ ಇಲ್ಲವೋ. ಅಮೆರಿಕನ್ ಊಟ ಸದ್ಯಕ್ಕೆ ಲಭ್ಯವಿಲ್ಲ ಎಂದು ಹಾಳೆ ಟೈಪಾಯಿತು. ಟೈಪು ಮಾಡಿದವನೂ ನಾನೇ.

ಚೇಟ್ಟನಿಗೆ ಹೇಳಲು ಹೋದೆ. ಬಾಗಿಲ ಬಳಿ ನಿಂತು, “ದಿಲ್ಲಿಯವರು ಒಪ್ಪಲಿಲ್ಲ,” ಎಂದೆ. ದಿಲ್ಲಿ ಅದನ್ನು ನೋಡಿಯೂ ಇರಲಿಲ್ಲ.

ಅವರು ಏಪ್ರನ್ನಿಗೆ ಕೈ ಒರೆಸಿಕೊಂಡು, “ಶೆರಿ ಸಾರೇ. ನೀವು ಬಂದು ಹೇಳಿದಿರಲ್ಲ. ಕೂತ್ಕೊಳ್ಳಿ, ಚಾಯ ಕುಡೀರಿ,” ಎಂದರು. ಕುಡಿದೆ. ಸುಳ್ಳು ಹೇಳಿದ ಬಾಯಲ್ಲೇ ಅದನ್ನೂ ಕುಡಿದೆ.

ಆರೇಳು ತಿಂಗಳಲ್ಲಿ ಅಂಗಡಿ ಮುಚ್ಚಿತು. ಒಂದು ಮಧ್ಯಾಹ್ನ ಆ ಕಡೆ ಹೋದಾಗ ಮೇಜುಗಳನ್ನು ಕೈಗಾಡಿಗೆ ಏರಿಸುತ್ತಿದ್ದರು. ನಾನು ಓಣಿಯ ತುದಿಯಿಂದಲೇ ತಿರುಗಿ ಬಂದೆ. ಎಪ್ಪತ್ತರ ದಶಕದ ಶುರುವಿನಲ್ಲಿ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಇಲ್ಲಿ ಹುಟ್ಟಿದ ನಮ್ಮ ಮಗಳು ನಾನು ಕನ್ನಡದಲ್ಲಿ ಬೈದರೆ ಮಲಯಾಳದಲ್ಲಿ ನಗುತ್ತಾಳೆ. ಹೊಸ ಚಿಂತೆಗಳು ಬಂದವು. ಹಳೆಯದು ತಳಕ್ಕೆ ಹೋಯಿತು, ಕರಗಲಿಲ್ಲ.

ಹೋದ ವರ್ಷ ನಮ್ಮ ಪಕ್ಕದ ಮನೆಯ ಧಾರವಾಡದ ವಿಜ್ಞಾನಿಗಳಲ್ಲಿಗೆ ಅಮೆರಿಕದ ಅತಿಥಿಯೊಬ್ಬರು ಬಂದಿದ್ದರು, ರಾಕೆಟ್ಟಿನ ಕೆಲಸದ ವಯಸ್ಸಾದ ಎಂಜಿನಿಯರ್. “ಬರ್ರಿ, ನಿಮ್ಮ ಸೀಮೆಬದನಿಕಾಯಿ ಕಥಿ ಇವರಿಗೆ ಹೇಳ್ರಿ, ನಗ್ತಾರ,” ಎಂದು ಪಕ್ಕದವರು ಕರೆದರು. ನಗಿಸುವ ಹಾಗೆಯೇ ಹೇಳಿದೆ. ಷರಾದ ಭಾಗ ಮಾತ್ರ ಬಿಟ್ಟು.

ಅತಿಥಿ ನಗಲಿಲ್ಲ. ತಾನು ಹುಡುಗನಾಗಿದ್ದಾಗ ದೇಶಕ್ಕೆಲ್ಲ ಕಷ್ಟಕಾಲ ಬಂದಿತ್ತೆಂದೂ, ಆಗ ತಾಯಿ ಉಪ್ಪು ಬಿಸ್ಕತ್ತುಗಳನ್ನು ನಿಂಬೆ, ಸಕ್ಕರೆ, ಚಕ್ಕೆಯಲ್ಲಿ ನೆನೆಸಿ ಆಪಲ್ ಪೈ ಮಾಡುತ್ತಿದ್ದಳೆಂದೂ, ಸೇಬೇ ಇರುತ್ತಿರಲಿಲ್ಲವೆಂದೂ ಹೇಳಿದರು. “ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಅದೇ. ನಿಮ್ಮ ಅಡುಗೆಯವನದು ಅಪ್ಪಟ ಅಮೆರಿಕನ್ ಪೈ. ಅವನ ಅಂಗಡಿ ಎಲ್ಲಿದೆ? ನಾನು ಹೋಗಬೇಕು.”

ಎಲ್ಲಿದೆ ಎಂದು ಹೇಳಲಿ? ಹೊಟ್ಟೆ ಸರಿಯಿಲ್ಲ ಎಂದು ಎದ್ದು ಬಂದೆ.

ಅದರ ಮುಂದಿನ ತಿಂಗಳು ಕಚೇರಿ ಕೆಲಸದ ಮೇಲೆ ಕೊಚ್ಚಿಗೆ ಹೋದಾಗ ಆ ಓಣಿಗೆ ಹೋಗಿ ವಿಚಾರಿಸಿದೆ. ಅಂಗಡಿಯಲ್ಲಿ ಈಗ ಪ್ರವಾಸಿಗಳಿಗೆ ಶಂಖ, ಚಿಪ್ಪು ಮಾರುತ್ತಾರೆ. ಪಕ್ಕದ ಬ್ರೆಡ್ಡಿನ ಅಂಗಡಿಯವನು, ಕಪ್ಪಲ್ ಚೇಟ್ಟ ಆಗಲೇ ಮಗಳ ಮನೆಗೆ ಹೋದರು ಎಂದು ವಿಳಾಸ ಹೇಳಿದ. ತಿರುವನಂತಪುರದ ಪೇಟ್ಟ. ನಮ್ಮ ಮನೆಯಿಂದ ಎರಡು ಬಸ್ ಸ್ಟಾಪು.

ಹಿಂದಿರುಗಿದ ಮೊದಲ ಭಾನುವಾರವೇ ಹೋದೆ. ಅತಿಥಿ ಹೇಳಿದ ಮಾತನ್ನು ಅವರಿಗೆ ಹೇಳಬೇಕು, ಷರಾದ ವಿಷಯವನ್ನೂ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಬಾಗಿಲು ತೆಗೆದವಳು ಮಗಳು. ಅಪ್ಪ ತೀರಿಕೊಂಡು ಎರಡು ಮಳೆಗಾಲ ಕಳೆದಿತ್ತು. ನಾನು ಈ ಊರಿಗೆ ಬಂದಮೇಲೆ ಐದಾರು ವರ್ಷ ಅವರು ಎರಡು ಸ್ಟಾಪಿನಾಚೆ ಈ ಮಗಳ ಮನೆಯ ಜಗಲಿಯಲ್ಲಿ ಕೂತಿದ್ದರು.

“ಇಲ್ಲಿ ಒಲೆ ಮುಟ್ಟಲೇ ಇಲ್ಲ,” ಎಂದಳು. “ದಿನಾ ಪೇಪರಿನಲ್ಲಿ ಯಾವ ಹಡಗು ಕೊಚ್ಚಿಗೆ ಬಂತು ಅಂತ ಓದೋರು. ಇವತ್ತು ಇಷ್ಟು ಜನ ಇಳಿದಿರ್ತಾರೆ, ಎಲ್ಲಿ ತಿಂತಾರೋ ಅನ್ನೋರು...” ಆಮೇಲೆ ನನ್ನನ್ನು ನಿಟ್ಟಿಸಿ ನೋಡಿದಳು. “ಸಾರ್ ಬೆಂಗಳೂರಿನವರಾ? ಹಾಳೆ ಬರೆದ ಸಾರ್?”

ಹೌದು ಎಂದೆ.

“ಅಯ್ಯೋ, ಕೂತ್ಕೊಳ್ಳಿ ಸಾರ್! ಅಪ್ಪಚ್ಚನ್ ಬಂದವರಿಗೆಲ್ಲ ಹೇಳೋರು. ನನಗೋಸ್ಕರ ಆ ಸಾರ್ ದಿಲ್ಲಿ ಜೊತೆ ಜಗಳ ಆಡಿದರು, ಆಗಲಿಲ್ಲ ಅಂತ ತಾವೇ ನಡಕೊಂಡು ಬಂದು ಹೇಳಿದರು, ಬೇರೆಯವರಾಗಿದ್ದರೆ ಮುಖ ತೋರಿಸ್ತಿರಲಿಲ್ಲ ಅಂತ.”

ಜೋಡಿಸಿಕೊಂಡಿದ್ದ ವಾಕ್ಯಗಳು ಬಾಯಿಯವರೆಗೆ ಬಂದವು. “ಅದು ಹಾಗಲ್ಲ...” ಎಂದೆ. ಅವಳು ಅದನ್ನು ವಿನಯ ಎಂದುಕೊಂಡು ಚಾಯ ತರಲು ಒಳಗೆ ಹೋದಳು. ಹೇಳಿಬಿಟ್ಟರೆ ಅಪ್ಪನ ಕಥೆಯಲ್ಲಿದ್ದ ಒಬ್ಬ ಒಳ್ಳೆಯ ಮನುಷ್ಯನನ್ನು ಅವಳಿಂದ ಕಿತ್ತುಕೊಂಡ ಹಾಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಪುಕ್ಕಲರಿಗೆ ಕಾರಣಗಳು ಬೇಗ ಸಿಗುತ್ತವೆ. ಅತಿಥಿಯ ಮಾತನ್ನಷ್ಟೇ ಹೇಳಿದೆ. ಅವಳು ಕಣ್ಣೊರೆಸಿಕೊಂಡು, ಅಪ್ಪಚ್ಚನ್ ಕೇಳಬೇಕಿತ್ತು ಎಂದಳು.

“ಹೇಳಿದ್ರಾ?” ಎಂದು ಮನೆಯಲ್ಲಿ ಹೆಂಡತಿ ಕೇಳಿದಳು. ನಾನು ಚಪ್ಪಲಿ ಬಿಡುವುದರಲ್ಲಿ ಮಗ್ನನಾದೆ.

ಕಚೇರಿಯಿಂದ ನಾನು ಬರುವ ಬಸ್ಸು ಚೇಟ್ಟನ ಮಗಳ ಮನೆಯ ಮುಂದೆಯೇ ನಿಲ್ಲುತ್ತದೆ. ನಾನು ಆಚೆ ಬದಿಯ ಸೀಟು ಹಿಡಿಯಲು ನೋಡುತ್ತೇನೆ, ಒಮ್ಮೊಮ್ಮೆ ಸಿಗುವುದಿಲ್ಲ. ನಿನ್ನೆ ಸಿಗಲಿಲ್ಲ. ಅವಳು ಜಗಲಿಯಲ್ಲಿ ನಿಂತಿದ್ದಳು, ನನ್ನನ್ನು ಕಂಡು ಕೈ ಬೀಸಿದಳು. ನಾನೂ ಕೈ ಎತ್ತಿದೆ, ಅವಳ ಅಪ್ಪನಿಗಾಗಿ ದಿಲ್ಲಿಯ ಜೊತೆ ಜಗಳವಾಡಿದವನ ಹಾಗೆ.