ಬೀಡು ಹೊಲಕ್ಕೆ ಚರಗ

ಠಾಣಾ ಕುಶನೂರಿನ ಆಚೆಗಿರುವ ನನ್ನ ಮಡ್ಡಿ ಹೊಲವನ್ನು ನಾನು ಉಳುವುದಿಲ್ಲ. ಬಿತ್ತುವುದಿಲ್ಲ, ಮಾರುವುದಿಲ್ಲ, ರಸ್ತೆಗೆ ಹಾಕುವ ಮೊರಮು ಅಗೆಯಲು ಯಾರಿಗೂ ಕೊಡುವುದಿಲ್ಲ. ಇದನ್ನು ಭಾಲ್ಕಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿದ್ದೇನೆ, ಬೀದರಿನ ನನ್ನ ಮನೆಗೆ ಬಂದ ಬೀಗರಿಗೆ ಚಹಾ ಕೊಡುತ್ತಲೂ ಹೇಳಿದ್ದೇನೆ. ಆದರೂ ಕೇಳುತ್ತಾರೆ, "ಮತ್ತ ಅದರಾಗ ಏನ್ ಬೆಳಿತೀರಿ?" ಎಂದು. ಹುಲ್ಲು ಎಂದರೆ ನಗುತ್ತಾರೆ. ನಗಲಿ, ಹಲ್ಲು ಅವರವು.

ಅಪ್ಪ ಹೊಲ ಹಂಚಿದಾಗ ಕರಿ ನೆಲವೆಲ್ಲ ಅಣ್ಣನ ಪಾಲಿಗೆ ಹೋಯಿತು, ಪಕ್ಕದ ಕಲ್ಲಿನ ಮಡ್ಡಿ ನನ್ನ ಪಾಲಿಗೆ ಬಂತು. ಹೆಣ್ಣುಮಗಳಿಗೆ ಕೊಟ್ಟ ಹಾಗೂ ಆಗಬೇಕು, ಕೊಡದ ಹಾಗೂ ಆಗಬೇಕು, ಅಂಥ ಹಂಚಿಕೆ ಅದು. ಆಗ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ಒಮ್ಮೆ ಮಳೆಗಾಲ ಮುಗಿದ ಮೇಲೆ ಅಲ್ಲಿ ಸುತ್ತಾಡಿದೆ. ಬಳ್ಳಾರಿ ಜಾಲಿಯ ಪೊದೆಗಳ ನಡುವೆ ಅಲ್ಲಲ್ಲಿ ಸೊಂಟದೆತ್ತರದ ಹುಲ್ಲು ತೆನೆ ಬಿಟ್ಟು ನಿಂತಿತ್ತು. ನಾನು ಚಿಕ್ಕವಳಿದ್ದಾಗ ಈ ಕಡೆಯ ಮಡ್ಡಿಗಳೆಲ್ಲ ಹೀಗೇ ಇದ್ದವು, ಅವುಗಳಲ್ಲಿ ಚಿಗರಿ ಜಿಂಕೆಗಳ ಹಿಂಡುಗಳು ಓಡಾಡುತ್ತಿದ್ದವು. ಒಂದೊಂದನ್ನೇ ಉತ್ತು ಸೋಯಾ ಹಾಕಿದ ಮೇಲೆ ಉಳಿದದ್ದು ನನ್ನ ಈ ತುಂಡು. ಇದನ್ನು ಹುಲ್ಲಿಗೇ ಬಿಡುತ್ತೇನೆ ಎಂದು ಅಲ್ಲೇ ನಿಶ್ಚಯ ಮಾಡಿದೆ.

ಬಿಡುವುದೆಂದರೆ ಕೈಕಟ್ಟಿ ಕೂರುವುದಲ್ಲ. ಜಾಲಿಯನ್ನು ಬೇರುಸಹಿತ ಕೀಳಿಸಿದೆ. ಕಡಿದಷ್ಟೂ ಚಿಗುರುವ ಹಟಮಾರಿ ಅದು, ನಾನು ಅದಕ್ಕಿಂತ ಹಟಮಾರಿ. ಓಡುವ ನೀರು ಒಂದಿಷ್ಟು ನಿಂತು ಹೋಗಲೆಂದು ಇಳಿಜಾರಿಗೆ ಅಡ್ಡಲಾಗಿ ಅಲ್ಲಿಯದೇ ಕಲ್ಲುಗಳನ್ನು ಸಾಲಾಗಿ ಜೋಡಿಸಿದೆ. ಊರಿನ ಕುರಿಗಾರನ ಜೊತೆ ಕರಾರು ಮಾಡಿಕೊಂಡೆ: ಹುಲ್ಲಿನ ಬೀಜ ಉದುರುವವರೆಗೆ ಕುರಿ ಒಳಗೆ ಬರಕೂಡದು, ಉದುರಿದ ಮೇಲೆ ಬಂದು ಮೇಯಲಿ, ಹಿಕ್ಕೆ ನೆಲಕ್ಕೇ ಬೀಳಲಿ.

"ಹಸರ ಇದ್ದಾಗ ತಿನ್ನಬ್ಯಾಡ, ಒಣಗಿದ ಮ್ಯಾಲ ತಿನ್ನು ಅಂದ್ರ ಕುರಿ ಕೇಳ್ತಾವೇನ್ರಿ ಅಕ್ಕಾರ?" ಎಂದು ಅವನು ಕೂಗಾಡಿದ. ನಾನೂ ಕೂಗಾಡಿದೆ. ಕೊನೆಗೆ ಒಂದು ಮೂಲೆಯನ್ನು ಅವನಿಗೆ ಮೊದಲೇ ಬಿಟ್ಟುಕೊಟ್ಟು ರಾಜಿಯಾದೆವು. ಆದರೆ ಸಸಿ ತಂದು, ಗಿಡ ಹಚ್ಚಿ, ಫೋಟೊ ತೆಗೆಸಿಕೊಳ್ಳಲು ಬಂದವರನ್ನು ಬಂದ ದಾರಿಯಲ್ಲೇ ಕಳಿಸಿದೆ. ಹುಲ್ಲಿನ ನೆಲದಲ್ಲಿ ಗುಂಡಿ ತೋಡಿ ಕಾಡು ಮಾಡುವುದು ಉದ್ಧಾರವಲ್ಲ. ಗೌಜಲಕ್ಕಿ ಮೊಟ್ಟೆ ಇಡುವುದು ಹುಲ್ಲಿನ ಬುಡದಲ್ಲಿ, ನೀಲಗಿರಿ ಮರದ ತುದಿಯಲ್ಲಲ್ಲ.

ಅಣ್ಣನಿಗೆ ಇದೆಲ್ಲ ನಾಚಿಕೆ. ಬೀಡು, ಅಂದರೆ ಉಳದೆ ಬಿಟ್ಟ ಹೊಲ, ನಮ್ಮ ಕಡೆ ಮನೆತನಕ್ಕೇ ಬೈಗುಳ. ತಂಗಿಯ ಹೊಲ ಬೀಡು ಬಿದ್ದರೆ ಜನ ಅಣ್ಣನನ್ನೇ ಆಡಿಕೊಳ್ಳುತ್ತಾರೆ. ಚಿಗರಿಗಳು ಮರಳಿ ಬಂದ ಮೇಲೆ ಪಕ್ಕದವರ ದೂರೂ ಸೇರಿತು, ತೊಗರಿ ಮೇಯುತ್ತವೆ ಎಂದು. ದೂರು ಸುಳ್ಳಲ್ಲ. ಅವರ ಬದುವಿಗೆ ನಾನೇ ಬೇಲಿ ಹಾಕಿಸಿಕೊಟ್ಟೆ, ಹಟ ಮಾತ್ರ ಬಿಡಲಿಲ್ಲ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಊರು ಆಡಿಕೊಂಡಿತು. ಆಡಿಕೊಳ್ಳಲಿ, ನನ್ನ ಹೊಲದಲ್ಲಿ ಮೊಲವಾದರೂ ಇದೆ.

ಕಳೆದ ಎಳ್ಳಮಾವಾಸ್ಯೆಗೆ ಊರಿಗೆ ಹೋದೆ. ಅವತ್ತು ನಮ್ಮವರೆಲ್ಲ ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮೊದಲು ಭೂಮಿತಾಯಿಗೆಂದು ಅಡುಗೆಯನ್ನು ಬೆಳೆಯ ನಡುವೆ ಚೆಲ್ಲುತ್ತಾರೆ. ಅದೇ ಚರಗ. ಆಮೇಲೆ ಊಟ. ನಾನು ಬುಟ್ಟಿ ಹೊತ್ತು ಬದು ಹತ್ತುವಾಗ ಟ್ರ್ಯಾಕ್ಟರ್ ಸದ್ದು ಕೇಳಿತು. ನನ್ನ ಹುಲ್ಲಿನೊಳಗೇ ಅದು ಓಡುತ್ತಿತ್ತು. ಆಗಲೇ ಕೆಲವು ಸಾಲು ಮಗುಚಿಬಿದ್ದಿದ್ದವು. ಬದುವಿನ ಮೇಲೆ ಅಣ್ಣ ನಗುತ್ತಾ ನಿಂತಿದ್ದ.

"ಹಬ್ಬಕ್ಕ ತವರಿನ ಉಡುಗೊರಿ, ತಂಗಿ," ಅಂದ. "ಹೊಲ ಹಸನ ಮಾಡಿಕೊಡ್ತೇನಿ. ಮುಂಗಾರಿಗಿ ತೊಗರಿ ಹಾಕು."

ಪ್ರೀತಿಯಿಂದಲೇ ಅಂದ. ಅದೇ ನನ್ನನ್ನು ಸುಟ್ಟದ್ದು. ವೈರಿಯಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು. ಆ ಹುಲ್ಲಿನ ಬೇರು ಒಮ್ಮೆ ಬಿಸಿಲಿಗೆ ಬಿದ್ದರೆ ನನ್ನ ಆಯುಷ್ಯದಲ್ಲಿ ಮತ್ತೆ ಹೀಗೆ ಆಗುವುದಿಲ್ಲ. ನೇರ ಹೋಗಿ ಟ್ರ್ಯಾಕ್ಟರ್ ಮುಂದೆ ಬುಟ್ಟಿ ಇಳಿಸಿ ಕೂತುಬಿಟ್ಟೆ. ಡ್ರೈವರ್ ಎಂಜಿನ್ ಆರಿಸಿದ.

"ಏಳು ತಂಗಿ, ಮಂದಿ ನೋಡ್ಲತ್ತಾರ."

"ನೋಡಲಿ. ನಾ ಹಬ್ಬದ ಊಟಕ್ಕ ಕೂತೇನಿ."

"ಹುಚ್ಚಿ ಏನ್ ನೀ? ಬೀಡು ಹೊಲಕ್ಕ ಯಾರರ ಚರಗ ಚೆಲ್ತಾರೇನು?"

"ಚರಗ ಭೂಮಿತಾಯಿಗಿ. ತೊಗರಿಗಲ್ಲ."

ಎದ್ದು ಹಿಡಿ ಹಿಡಿ ಭಜ್ಜಿಯನ್ನು ಹುಲ್ಲಿನೊಳಗೆ ಚೆಲ್ಲಿದೆ.

"ಇದು ಅಪ್ಪನ ಹೊಲ ಅದ!" ಅಣ್ಣ ಒದರಿದ.

"ಅಪ್ಪಂದಿತ್ತು. ಈಗ ನನ್ನ ಹೊಲ."

ಈ ಮಾತನ್ನು ಅವನ ಮುಖಕ್ಕೆ ಮುಖ ಕೊಟ್ಟು ಅಂದದ್ದು ಅದೇ ಮೊದಲು. ಅಷ್ಟರಲ್ಲಿ ಪಕ್ಕದ ಹೊಲದಿಂದ ಅಣ್ಣನ ಹೆಂಡತಿ, ನಮ್ಮ ವೈನಿ, ಅಂಬಲಿಯ ಗಡಿಗೆ ಹಿಡಿದು ಬಂದರು. ಮದುವೆಯಾಗಿ ಬಂದಾಗಿನಿಂದ ಆ ಕರಿ ನೆಲದಲ್ಲಿ ದುಡಿದವರು. ಅದರಲ್ಲಿ ಗೇಣು ನೆಲವೂ ಅವರ ಹೆಸರಿಗಿಲ್ಲ. ನನಗೆ ಬುದ್ಧಿ ಹೇಳಲು ಬಂದರೆಂದುಕೊಂಡೆ. ಅವರು ಗಡಿಗೆ ಇಳಿಸಿ, ಸೆರಗು ಬಿಗಿದು, ನನ್ನ ಪಕ್ಕದಲ್ಲೇ ಹುಲ್ಲಿನ ಮೇಲೆ ಕೂತರು.

"ಟ್ರ್ಯಾಕ್ಟರ್ ಹಿಂದಕ್ಕ ತಗೊಂಡು ಹೋಗ್ರಿ," ಅಂದರು ಗಂಡನ ಕಡೆ ನೋಡದೆ. "ನಾವು ಉಣ್ಣಾಕ ಕೂತೇವಿ, ಧೂಳ ಬರ್ತದ."

ಅಣ್ಣ ಡ್ರೈವರನಿಗೆ ಕೈಸನ್ನೆ ಮಾಡಿದ. ಟ್ರ್ಯಾಕ್ಟರ್ ಬದು ದಾಟಿ ಇಳಿಯಿತು. ವೈನಿ ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟರು, ತಾವು ತಿನ್ನಲಿಲ್ಲ.

"ನನ್ನ ಹೊಲ ಅಂತ ಎಷ್ಟು ಛಂದ ಅಂದಿ," ಎಂದರು. "ಇನ್ನೊಮ್ಮಿ ಅನ್ನು, ಕೇಳ್ತೇನಿ."

ಅಂದೆ. ಅಣ್ಣನಿಗೂ ಕೇಳುವಷ್ಟು ಜೋರಾಗಿ.