ಶಾರದಾಬಾಯಿ ಹೇಳಿದ ಒಡಪು

ಅಫಜಲಪುರದ ತಹಸೀಲ ಕಚೇರಿಯಲ್ಲಿ ಶ್ರೀಪಾದರಾಯ ನಕಲು ಗುಮಾಸ್ತ, ನಾನು ಪಕ್ಕದ ಮೇಜಿನವ. ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಮೂವತ್ತರ ವಯಸ್ಸಿನಲ್ಲಿ ಕ್ಷಯ ಬಂದಾಗ ಚುಚ್ಚಿದ ಇಂಜೆಕ್ಷನ್ನುಗಳು ಜೀವ ಉಳಿಸಿದವು, ಕಿವಿ ಉಳಿಸಲಿಲ್ಲ. ಅವನಿಗೆ ಏನಾದರೂ ಹೇಳಬೇಕೆಂದರೆ ಚೀಟಿಯಲ್ಲಿ ಬರೆಯಬೇಕಿತ್ತು. ಮೊದಮೊದಲು ನಾವೆಲ್ಲ ಉದ್ದುದ್ದ ಬರೆದೆವು. ಆಮೇಲೆ ಬೇಸರ ಬಂದು ‘ಚಹಾ?’, ‘ನಾಳೆ ರಜೆ’ ಎಂಬಷ್ಟಕ್ಕೆ ಇಳಿದೆವು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೆಯೇ ನಡೆದದ್ದು.

ಅವನೊಡನೆ ಹೊಟ್ಟೆತುಂಬ ಮಾತಾಡುತ್ತಿದ್ದವಳು ಹೆಂಡತಿ ಶಾರದಾಬಾಯಿ ಒಬ್ಬಳೇ. ದನಿ ತೆಗೆಯದೆ ತುಟಿ ಮಾತ್ರ ಆಡಿಸುತ್ತಿದ್ದಳು. ಬೇರೆ ಯಾರ ತುಟಿಯೂ ಅವನಿಗೆ ಓದಲು ಬರುತ್ತಿರಲಿಲ್ಲ, ಆಕೆಯದು ಮಾತ್ರ ಒಂದಕ್ಷರ ತಪ್ಪುತ್ತಿರಲಿಲ್ಲ. ಟೂರಿಂಗ್ ಟಾಕೀಸಿನಲ್ಲಿ ಪರದೆಯ ಬೆಳಕು ಬಾಯಿಯ ಮೇಲೆ ಬೀಳುವ ಹಾಗೆ ಓರೆಯಾಗಿ ಕೂತು ಇಡೀ ಸಿನಿಮಾ ಅವನಿಗೆ ಹೇಳುವಳು. ಆಕೆಗೆ ಅರ್ಧ ಸಿನಿಮಾ ತಪ್ಪುತ್ತಿತ್ತು.

ಆದರೆ ಹಳೆಯ ಪದ್ಧತಿಯ ಹೆಂಗಸು. ಗಂಡನ ಹೆಸರನ್ನು ಎಂದೂ ಬಾಯಿಗೆ ತಂದವಳಲ್ಲ, ‘ನಮ್ಮವರು’ ಅನ್ನುವಳು. ನಮ್ಮ ಕಡೆ ಅದಕ್ಕೊಂದು ರಿಯಾಯಿತಿ ಉಂಟು. ಮದುವೆಯಲ್ಲಿ ಹೆಂಗಸರು ಸುತ್ತುಗಟ್ಟಿ ಪೀಡಿಸಿದರೆ ಪ್ರಾಸ ಕಟ್ಟಿ, ಒಡಪಿನಲ್ಲಿ ಸೇರಿಸಿ ಗಂಡನ ಹೆಸರು ಹೇಳಬಹುದು. ೧೯೮೭ರಲ್ಲಿ ಜೇವರ್ಗಿಯಲ್ಲಿ ಆಕೆಯ ಅಣ್ಣನ ಮಗಳ ಮದುವೆಯಾದಾಗ ಶಾರದಾಬಾಯಿಯನ್ನೂ ಹಾಗೆ ಹಿಡಿದರು. ಶ್ರೀಪಾದ ಆಗ ಗಂಡಸರ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ. ಆಮೇಲೆ ಏನು ಹೇಳಿದೆ ಎಂದು ಕೇಳಿದರೆ ಆಕೆ ನಕ್ಕು ಒಳಗೆ ಹೋದಳಂತೆ.

ನಾಲ್ಕು ತಿಂಗಳಿಗೆ ಆಕೆ ತೀರಿಕೊಂಡಳು. ಮದುವೆಯ ಕ್ಯಾಸೆಟ್ಟು ಬಂದದ್ದು ಆಮೇಲೆ.

ಬಾಡಿಗೆಗೆ ವಿಡಿಯೊ ಪ್ಲೇಯರ್ ತಂದು ನಮ್ಮ ಮನೆಯಲ್ಲೇ ಹಾಕಿದೆವು. ಒಡಪಿನ ಭಾಗ ಹತ್ತು ಸೆಕೆಂಡು ಇರಬಹುದು. ಶ್ರೀಪಾದ ಟೀವಿಯ ಮುಂದೆ ಮೊಣಕಾಲೂರಿ ಕೂತ.

“ಬುಟ್ಟ್ಯಾಗ ರೊಟ್ಟಿ, ಗಡಗ್ಯಾಗ ಮಸರು, ಎಲ್ಲಾರೂ ಕೇಳ್ರಿ...” ಎಂದು ಆಕೆಯ ತುಟಿಯನ್ನು ಓದುತ್ತ ಹೋದವನು ತಡೆದ. “ಕಡೀಕ ಹೆಸರು ಅಂತಾಳ. ಅದರ ಹಿಂದಿಂದು ತಿಳೀವಲ್ದು. ನನ್ನ ಹೆಸರು ಹೇಳ್ಯಾಳೋ, ಮತ್ತೇನರೆ ಹೇಳಿ ತಪ್ಪಿಸ್ಕೊಂಡಾಳೋ? ನಿನಗ ಕೇಳಸ್ತದಲ್ಲ, ಬರದು ಕೊಡು.”

ನನಗೆ ಕೇಳುತ್ತಿದ್ದದ್ದು ಒಂದು ಸಿನಿಮಾ ಹಾಡು. ಆ ವಿಡಿಯೊದವ, ಅವನ ಕೈಗಿಷ್ಟು ಬೆಂಕಿ ಹಾಕ, ಮದುವೆಯ ಮಾತನ್ನೆಲ್ಲ ಅಳಿಸಿ ಮೊದಲಿಂದ ಕೊನೆಯವರೆಗೆ ಹಾಡು ತುಂಬಿದ್ದ. ಹಾಗೆಂದು ಬರೆಯಲು ನನಗೆ ಧೈರ್ಯ ಬರಲಿಲ್ಲ. ‘ಗದ್ದಲ ಬಹಳ, ಕೇಳಿಸುತ್ತಿಲ್ಲ’ ಎಂದು ಬರೆದುಕೊಟ್ಟೆ.

ಆ ಸುಳ್ಳೇ ಅವನನ್ನು ಊರೂರು ತಿರುಗಿಸಿತು. ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಬೇರೆ ಭಾಷೆಯ ಸಿನಿಮಾ ಬಂದರೆ ಕೆಳಗೆ ಇಂಗ್ಲಿಷ್ ಅಕ್ಷರ ಮೂಡುವುದನ್ನು ಅವನು ನೋಡಿದ್ದ. ಮಾತು ಕೇಳಿಸಿಕೊಂಡು ಬರೆಯುವ ಯಂತ್ರ ಇದೆಯೆಂದು ತಿಳಿದ. ಮನುಷ್ಯನ ಕಿವಿಗೆ ನಿಲುಕದ್ದು ಅದಕ್ಕೆ ನಿಲುಕೀತು ಎಂದು ಅವನ ಲೆಕ್ಕ. ಅಂಥ ಯಂತ್ರ ಹುಡುಕಿ ಹೊರಟವನ ಜೊತೆ ನಾನೂ ಹೋದೆ. ಅಫಜಲಪುರದ ವಿಡಿಯೊ ಅಂಗಡಿಯವನು ಹುಬ್ಬೇರಿಸಿದ. ಜೇವರ್ಗಿಯವನು, ರೊಟ್ಟಿ ಬಡಿಯುವ ಪ್ಲೇಯರ್ ಬಂದಾಗ ಹೇಳಿ ಕಳಿಸುತ್ತೇನೆ ಎಂದು ನಕ್ಕ. ಶ್ರೀಪಾದ ಅವನ ನಗೆ ನೋಡಿ ತಾನೂ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಉರಿದೇನು, ನಿಜ ಹೇಳಲಿಲ್ಲವಲ್ಲ.

ಕೊನೆಗೆ ಆಳಂದದಲ್ಲಿ ಗೌಸಮೊಹಿದ್ದೀನನ ವಿಡಿಯೊ ಅಂಗಡಿಗೆ ಹೋದೆವು.

“ಅಕ್ಷರ ಬರೂವಂಥಾ ಪ್ಲೇಯರ್ ಅದ ಏನ್ರಿ, ಸಾಹೇಬ್ರ?” ಎಂದು ಶ್ರೀಪಾದ ಕೇಳಿದ.

ಗೌಸಮೊಹಿದ್ದೀನ ನಗಲಿಲ್ಲ. ಕಿವಿ ಕೇಳುವುದಿಲ್ಲ ಎಂದು ನಾನು ಸನ್ನೆ ಮಾಡಿದ್ದಕ್ಕೆ ಒಂದು ಹಾಳೆ ಎಳೆದುಕೊಂಡು ಬರೆದ: ‘ರಾಯರ, ಅಕ್ಷರ ಮಷಿನ್ ಬರಿಯಂಗಿಲ್ಲ. ಪಿಕ್ಚರ್ ಮಾಡಿದವರು ಮೊದಲೇ ಬರದಿರ್ತಾರ. ಕ್ಯಾಸೆಟ್ ಕೊಡ್ರಿ, ನಾನೇ ಕೇಳಿ ಬರಿತೇನಿ.’

ಕ್ಯಾಸೆಟ್ಟು ಹಾಕಿ ಎರಡು ಸಲ ಕೇಳಿದ. ನನ್ನ ಮುಖ ನೋಡಿದ, ನಾನು ತಲೆ ತಗ್ಗಿಸಿದೆ. ಹಾಳೆಯ ಮೇಲೆ ಇನ್ನೊಂದು ಸಾಲು ಬರೆದ: ‘ಇದರಾಗ ಮಾತೇ ಇಲ್ಲರಿ. ಬರೇ ಹಾಡು ಹಾಕ್ಯಾರ.’

ಶ್ರೀಪಾದ ಅದನ್ನು ಓದಿ ನನ್ನ ಕಡೆ ತಿರುಗಿದ.

“ನಿನಗ ಗೊತ್ತಿತ್ತು” ಎಂದ ನನಗೆ. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ.

ಎದ್ದು ಹೊರಡುತ್ತಾನೆ ಅಂದುಕೊಂಡೆ. ಅವನು ಗೋಡೆಯ ಮೇಲಿದ್ದ ಕನ್ನಡಿಯನ್ನು ನೋಡುತ್ತಿದ್ದ. ಅದನ್ನು ಕೇಳಿ ಇಳಿಸಿಕೊಂಡು ಟೀವಿಯ ಪಕ್ಕಕ್ಕೆ ಒರಗಿಸಿದ.

“ಆಕಿ ಅನ್ನೂವಂಥಾ ಮಾತೆಲ್ಲಾ ನನಗ ತಿಳೀತಾವ. ನನ್ನ ಹೆಸರು ಒಂದು ಆಕಿ ಬಾಯಾಗ ನಾ ನೋಡೇ ಇಲ್ಲ. ಅದು ನನ್ನ ಬಾಯಾಗ ಹ್ಯಾಂಗಿರ್ತದ ನೋಡಬೇಕು. ನಿಂದರಿಸಿ ನಿಂದರಿಸಿ ಬಿಡ್ರಿ, ಸಾಹೇಬ್ರ.”

ಗೌಸಮೊಹಿದ್ದೀನ ಪಾಜ್ ಗುಂಡಿ ಒತ್ತಿದ. ಚಿತ್ರ ನಡುಗುತ್ತ ನಿಂತಿತು. ಶ್ರೀಪಾದ ಕನ್ನಡಿಯ ಕಡೆ ಬಾಯಿ ಮಾಡಿ “ಶ್ರೀ” ಎಂದ. ಅವನ ಹಲ್ಲು ಕಂಡಿತು, ಪರದೆಯಲ್ಲಿ ಆಕೆಯ ಹಲ್ಲೂ ಕಂಡಿತ್ತು. ಗುಂಡಿ ಬಿಟ್ಟು ಮತ್ತೆ ಒತ್ತಿದಾಗ ಆಕೆಯ ತುಟಿ ಮುಚ್ಚಿತ್ತು, ಆಮೇಲೆ ಅಗಲವಾಗಿ ತೆರೆದಿತ್ತು. “ಪಾ” ಎಂದ. ಕನ್ನಡಿಯಲ್ಲೂ ಹಾಗೆಯೇ ಮುಚ್ಚಿ ತೆರೆಯಿತು. “ದ... ರಾ... ಯ... ರ.” ಮೊದಲಿಂದ ಮತ್ತೆ ಮಾಡಿದ, ಮತ್ತೂ ಒಮ್ಮೆ ಮಾಡಿದ. ಮೂರನೆಯ ಸಲ ನಿಲ್ಲಿಸದೆ ಬಿಟ್ಟಾಗ ಇಬ್ಬರ ಬಾಯೂ ಒಟ್ಟಿಗೇ ಆಡಿದವು.

“ಹೇಳ್ಯಾಳ” ಎಂದ. ಅಳುತ್ತಿದ್ದ. ಗೌಸಮೊಹಿದ್ದೀನ ಟೀವಿಯ ದನಿಯನ್ನು ಪೂರಾ ಇಳಿಸಿಬಿಟ್ಟ. ಆ ಹಾಡು ನಮಗೂ ಬೇಡವಾಗಿತ್ತು.

ಅಫಜಲಪುರದ ಬಸ್ಸಿನಲ್ಲಿ ನಾನು ಎರಡು ಚೀಟಿಯ ತುಂಬ ಬರೆದೆ. ಮುಚ್ಚಿಟ್ಟದ್ದು ತಪ್ಪಾಯಿತು ಎಂದು ಬರೆದೆ, ಇಷ್ಟು ವರ್ಷ ನಿನ್ನೊಡನೆ ಚಹಾ, ರಜೆ ಬಿಟ್ಟು ಮಾತೇ ಆಡಲಿಲ್ಲ ಎಂದೂ ಬರೆದೆ. ಅವನು ನಿಧಾನ ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡ. ಕಿಟಕಿಯ ಗಾಜಿಗೆ ಮುಖ ತಂದು, ಅದರಲ್ಲಿ ತನ್ನ ತುಟಿಯನ್ನೇ ನೋಡುತ್ತ, ದನಿ ತೆಗೆಯದೆ ಆಕೆಯ ಹಾಗೆ ತನ್ನ ಹೆಸರು ಹೇಳಿಕೊಳ್ಳುತ್ತಿದ್ದ.