ಬೀಚ್ ಬದಿಯ ಕಲ್ಲು

ನಮ್ಮ ಗದ್ದೆಗೆ ಹಳದಿ ಕಲ್ಲು ಬಂದದ್ದು ದೀಪಾವಳಿ ಕಳೆದು ಬಂದ ಎರಡನೆಯ ಮಂಗಳವಾರ. ಡೈರಿಯಲ್ಲಿ ಆ ದಿನಕ್ಕೆ ಎರಡೇ ಸಾಲು ಇದೆ: "ರಸ್ತೆಯ ಕಲ್ಲು ಹಾಕಿದರು. ಅಪ್ಪ ಕಾಯಿ ಒಡೆದ." ಕಲ್ಲು ಹಾಕುವಾಗ ನಾನು ಮನೆಯಲ್ಲಿರಲಿಲ್ಲ. ಅದೇ ರಸ್ತೆಗಾಗಿ ಕುಮಟಾ ಸರ್ಕಲ್ಲಿನಲ್ಲಿ, ಒಂದು ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ವಾಹನ ಎಣಿಸುತ್ತಿದ್ದೆ.

ಹೆದ್ದಾರಿಯ ವಾಹನಗಳು ಪೇಟೆಯೊಳಗೆ ನುಗ್ಗದೆ ಹೊರಗಿನಿಂದಲೇ ಹಾದುಹೋಗುವಂತೆ ಹೊಸ ರಸ್ತೆ ಮಾಡುತ್ತಾರೆ ಎಂಬ ಮಾತು ಶುರುವಾಗಿ ಎಷ್ಟೋ ವರ್ಷವಾಗಿತ್ತು. ಈ ಸಲ ವರದಿ ತಯಾರಿಸಲು ದೂರದ ಊರಿನ ಒಂದು ಕಂಪನಿ ಬಂದಿತ್ತು. ಅವರದು ಎರಡು ತಂಡ. ಒಂದು ತಂಡ ಗದ್ದೆ ಬಯಲುಗಳಲ್ಲಿ ಯಂತ್ರ ನಿಲ್ಲಿಸಿ ಅಳೆದು ಕಲ್ಲು ನೆಡುತ್ತಿತ್ತು. ಇನ್ನೊಂದು ತಂಡ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂ ಕಡೆ ವಾಹನ ಎಣಿಸುತ್ತಿತ್ತು. ಎಣಿಸುವುದಕ್ಕೆ ಇಲ್ಲಿಯವರನ್ನೇ ತೆಗೆದುಕೊಂಡರು. ಡಿಗ್ರಿ ಮುಗಿಸಿ ಮನೆಯಲ್ಲಿದ್ದ ನಾನೂ ಸೇರಿದೆ. ಮಳೆ ಹಿಡಿದ ದಿನ, ಬಾವಿಯ ನೀರು ಇಳಿದ ದಿನ, ಕೋಳಿ ಮೊಟ್ಟೆ ಇಟ್ಟ ದಿನ, ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುವುದು ನನ್ನ ಚಿಕ್ಕಂದಿನ ಅಭ್ಯಾಸ. ಕೆಲಸ ಸಿಕ್ಕಿದ ದಿನ ಆಯಿ, ಅಂದರೆ ನನ್ನ ಅಮ್ಮ, ನಕ್ಕಳು: "ಅಂತೂ ನಿನ್ನ ಗೀಟಿಗೆ ಸಂಬಳ ಕೊಡವ್ರು ಸಿಕ್ಕರು ಅಲ್ದಾ!"

ಕೆಲಸ ಸುಲಭದ್ದು. ಹಾಳೆಯಲ್ಲಿ ಬಸ್ಸು, ಲಾರಿ, ಟ್ಯಾಂಕರ್, ಕಾರು, ರಿಕ್ಷಾ, ಬೈಕು ಎಂದು ಮನೆಗಳಿರುತ್ತವೆ. ವಾಹನ ದಾಟಿದರೆ ಒಂದು ಗೀಟು. ನಾಲ್ಕು ನಿಂತ ಗೀಟಿಗೆ ಐದನೆಯದು ಅಡ್ಡ. ಆಂಬುಲೆನ್ಸಿಗೆ ಮಾತ್ರ ಬೇರೆ ಮನೆ ಇರಲಿಲ್ಲ. ಅದನ್ನು ರೋಡ್ ರೋಲರ್, ಎತ್ತಿನ ಗಾಡಿಗಳ ಜೊತೆಗೆ "ಇತರೆ"ಯಲ್ಲಿ ಹಾಕಬೇಕಿತ್ತು. ನನಗೆ ಅದು ಸರಿಕಾಣಲಿಲ್ಲ. ಡೈರಿಯ ಹಿಂದಿನ ಪುಟದಲ್ಲಿ ಆಂಬುಲೆನ್ಸಿಗೆಂದೇ ಒಂದು ಮನೆ ಮಾಡಿಕೊಂಡೆ. ಸದ್ದು ಮಾಡುತ್ತ ಹೋಗುವವೆಲ್ಲ ದಕ್ಷಿಣಕ್ಕೆ, ಮಂಗಳೂರಿನ ಆಸ್ಪತ್ರೆಗಳ ಕಡೆಗೆ. ಉತ್ತರಕ್ಕೆ ಬರುವವು ಸದ್ದಿಲ್ಲದೆ, ಅವಸರವಿಲ್ಲದೆ ಬರುತ್ತಿದ್ದವು.

ಎಣಿಕೆಯ ಮೊದಲ ವಾರದಲ್ಲೇ ಒಂದು ಟ್ಯಾಂಕರ್ ಸರ್ಕಲ್ಲಿನಲ್ಲಿ ತಿರುಗಲಾರದೆ ಸಿಕ್ಕಿಬಿತ್ತು. ಹಿಂದೆ ಬಸ್ಸು, ಅದರ ಹಿಂದೆ ಮೀನಿನ ಲಾರಿ, ಅದರ ಹಿಂದೆ ಆಂಬುಲೆನ್ಸು. ಕಿಟಕಿಯ ಅರ್ಧ ತೆರೆದ ಗಾಜಿನಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದ ಒಂದು ಕೈ ಮಾತ್ರ ಕಾಣುತ್ತಿತ್ತು. ಹಸಿರು ಬಳೆ ಹಾಕಿದ ಕೈ. ಮೊದಲು ನೆಟ್ಟಗಿತ್ತು, ಆಮೇಲೆ ನಡುಗಿತು, ಆಮೇಲೆ ಇನ್ನೊಂದು ಕೈ ಬಂದು ಅದನ್ನು ಹಿಡಿಯಿತು. ಹೊಸ ರಸ್ತೆ ಬೇಕು ಎಂದು ಅಂದು ನನಗೆ ಅನಿಸಿದಷ್ಟು ಬಲವಾಗಿ ಬೇರೆ ಯಾರಿಗೂ ಅನಿಸಿರಲಿಕ್ಕಿಲ್ಲ.

ನಮ್ಮ ಮನೆ ಹೊಳನಗದ್ದೆಯಲ್ಲಿ. ಮನೆ ಎಂದರೆ ದೊಡ್ಡಪ್ಪನ ಮನೆಯ ಹಿಂದಿನ ಎರಡು ಕೋಣೆ. ಹಿಸೆಯಲ್ಲಿ ಈ ಗದ್ದೆ ಅಪ್ಪನ ಪಾಲಿಗೆ ಬಂದಿತ್ತು. ಅಲ್ಲೊಂದು ಸ್ವಂತ ಮನೆ ಕಟ್ಟಬೇಕೆಂದು ಅಪ್ಪ ಅಕ್ಕಿ ಮಿಲ್ಲಿನಲ್ಲಿ ದುಡಿದ ವರ್ಷಗಳೆಲ್ಲ ಕಾದಿದ್ದ. ರಸ್ತೆ ನಮ್ಮ ಗದ್ದೆಯ ಹತ್ತಿರವೇ ಹಾದುಹೋಗುತ್ತದೆಂಬ ಸುದ್ದಿ ಬಂದ ಮೇಲೆ, ಎಲ್ಲಿಯವರೆಗೆ ಹೋಗುತ್ತದೆ ಎಂದು ತಿಳಿಯದೆ ಮನೆಯ ಮಾತನ್ನೇ ನಿಲ್ಲಿಸಿದ್ದ. ಹಾಗಾಗಿ ಕಲ್ಲು ಹಾಕಿದ ಮಂಗಳವಾರ ನಾನು ಮನೆಗೆ ಬಂದಾಗ ಅವನ ಮುಖ ಬೆಳಗಿತ್ತು.

"ಉಳೀತು ತಂಗಿ," ಎಂದ. "ಕಲ್ಲು ನಮ್ಮ ಗದ್ದೆ ಪಡುಬದಿ ತುದೀಲಿ ಬಿತ್ತು. ರಸ್ತೆ ಅದ್ರಿಂದ ಆಚೆ."

"ಯಾರು ಹೇಳಿದ್ದು?"

"ಕಲ್ಲು ಹಾಕ್ದವನೇ ಹೇಳ್ದ. ಹಿಂದಿಯವ. ನಾನು ಕೈ ಸನ್ನೆ ಮಾಡಿ ಕೇಳ್ದೆ, ಇದು ಎಂತ ಕಲ್ಲು ಅಂತ. ಬೀಚ್ ಕಾ, ಬೀಚ್ ಕಾ ಅಂತ ಎರಡು ಸಲ ಹೇಳ್ದ. ಬೀಚ್ ಬದಿಗೆ ಹೋಗ್ತದೆ ರಸ್ತೆ. ನಮ್ಮ ಬದಿಗಲ್ಲ."

ಗದ್ದೆಯಿಂದ ಪಡುವಣಕ್ಕೆ ಸ್ವಲ್ಪ ನಡೆದರೆ ಸಮುದ್ರ. ರವಿವಾರ ಬರುವ ಪೇಟೆಯವರಿಂದ ಕಲಿತು ನಾವೆಲ್ಲ ಅದನ್ನು ಬೀಚ್ ಎಂದೇ ಕರೆಯುತ್ತೇವೆ. ಅಪ್ಪನ ಮಾತಿನಲ್ಲಿ ಅನುಮಾನ ಪಡುವಂಥದ್ದೇನೂ ಇರಲಿಲ್ಲ. ಗದ್ದೆಯಲ್ಲಿ ಕಲ್ಲು ನೆಟ್ಟರೆ ಅದು ಗಡಿ. ನಮಗೆ ಗೊತ್ತಿರುವುದು ಅಷ್ಟೇ. ಗಡಿಕಲ್ಲು ಹಾಕಿದ ದಿನ ಅದರ ಎದುರು ಕಾಯಿ ಒಡೆದು, ಒಂದು ಕಡಿ ಈಚೆಯವನು, ಒಂದು ಕಡಿ ಆಚೆಯವನು ತೆಗೆದುಕೊಂಡರೆ ಮುಂದೆ ತಕರಾರಿಲ್ಲ ಎಂದು ಅರ್ಥ. ಅಜ್ಜನೂ ಹಾಗೇ ಮಾಡುತ್ತಿದ್ದನಂತೆ. ಅಪ್ಪನೂ ಹಾಗೇ ಮಾಡಿ, ಒಂದು ಕಡಿಯನ್ನು ಪಡುಬದಿಯ ಗದ್ದೆಯವನಿಗೆ ಕೊಡಲು ಹೋಗಿದ್ದ. ಕಲ್ಲಿನ ಆಚೆಯದು ಆ ಮನುಷ್ಯನ ಜಾಗ. ಅವನು ಹಿತ್ತಲಲ್ಲಿ ನಿಂತು ಸಿಡುಕಿದ್ದನ್ನು ಆಯಿ ನನಗೆ ಮಾಡಿ ತೋರಿಸಿದಳು.

"ನಂದು ಹೋಗುದು, ನಿಂದು ಉಳಿಯುದು, ಅದ್ಕೆ ನಾನು ಕಾಯಿ ಕಡಿ ತಿನ್ನುದಾ? ನೀನೇ ತಿನ್ನು ಮಾರಾಯ. ಎರಡೂ ತಿನ್ನು."

ಆ ರಾತ್ರಿಯ ಸಾರಿಗೆ ಎರಡೂ ಕಡಿಯ ಕಾಯಿ ಬಿತ್ತು.

ಡಿಸೆಂಬರಿನಲ್ಲಿ ಪಂಚಾಂಗ ತೋಡಿದರು. ನಮ್ಮಲ್ಲಿ ಮನೆಯ ಅಡಿಪಾಯಕ್ಕೆ ಪಂಚಾಂಗ ಎನ್ನುತ್ತಾರೆ. ಚಿರೆಕಲ್ಲಿನ ಲಾರಿ ಬಂದ ದಿನ, ಸಿಮೆಂಟು ಬಂದ ದಿನ, ಎಲ್ಲ ನನ್ನ ಡೈರಿಯಲ್ಲಿದೆ. ಅಡುಗೆಮನೆಯ ಜಾಗಕ್ಕೆ ಮೇಸ್ತ್ರಿ ಹಗ್ಗ ಕಟ್ಟಿದ್ದೇ ತಡ ಆಯಿ ಅದರೊಳಗೆ ಹೋಗಿ ನಿಂತಳು. ಇಲ್ಲದ ಒಲೆಯ ಎದುರು ನಿಂತು, ಇಲ್ಲದ ಕಪಾಟಿಗೆ ಕೈ ಚಾಚಿ, "ಒಂದು ಗೇಣು ಈಚೆ ಬರ್ಲಿ, ನಂಗೆ ಎಟಕುದಿಲ್ಲ," ಎಂದಳು. ಹಳೆಯ ಮನೆಯಲ್ಲಿ ದೊಡ್ಡಮ್ಮನ ಅಡುಗೆ ಮುಗಿದ ಮೇಲೆಯೇ ಅವಳ ಒಲೆ ಹೊತ್ತಬೇಕಿತ್ತು. ಮೇಸ್ತ್ರಿ ಹಗ್ಗವನ್ನು ಒಂದು ಗೇಣು ಪಡುವಣಕ್ಕೆ, ಹಳದಿ ಕಲ್ಲಿನ ಕಡೆಗೆ ಸರಿಸಿದ.

ಅದೇ ತಿಂಗಳು ನನ್ನನ್ನು ಹೊನ್ನಾವರಕ್ಕೆ ಹಾಕಿದರು. ಶರಾವತಿ ಸೇತುವೆ ದಾಟಿ ಬರುವ ವಾಹನಗಳ ಎಣಿಕೆ. ನಮ್ಮ ಮೇಲ್ವಿಚಾರಕರು ಬಳ್ಳಾರಿ ಕಡೆಯವರು, ಮಾತುಗಾರರು. ಒಂದು ಮಧ್ಯಾಹ್ನ ಹಾಳೆ ನೋಡುತ್ತ ನನ್ನನ್ನು ಹೊಗಳಿದರು.

"ನೀ ಒಂದು ಗೀಟೂ ಬಿಡಂಗಿಲ್ಲ ನೋಡಮ್ಮ. ಹಿಂಗ ಇರಬೇಕು. ಎಣಿಕಿ ಕಮ್ಮಿ ಬಂತಂದ್ರ ದೊಡ್ಡ ರಸ್ತಿಗೆ ರೊಕ್ಕ ಮಂಜೂರು ಮಾಡಂಗಿಲ್ಲ. ಎರಡು ಲೇನು ಹಾಕಿ ಕೈ ತೊಳಕೊಂತಾರ. ಜಾಸ್ತಿ ಬಂತು ಅಂದ್ರ ನಾಕು ಲೇನು. ನಿನ್ನ ಒಂದೊಂದು ಗೀಟೂ ರಸ್ತಿ ಅಗಲ ಮಾಡ್ತೈತಿ."

ನನಗೆ ಹೆಮ್ಮೆಯಾಯಿತು. ಬಸ್ಸಿನಲ್ಲಿ ಮನೆಗೆ ಬರುವಾಗ ಪಡುಬದಿಯ ಗದ್ದೆಯವನ ನೆನಪಾಯಿತು. ನನ್ನ ಗೀಟುಗಳಿಂದ ಅವನ ಜಾಗ ಇನ್ನಷ್ಟು ಹೋಗುತ್ತದಲ್ಲ ಎಂದು ಪಾಪ ಅನಿಸಿತು. ಆ ವಾರ ಅವನು ದಾರಿಯಲ್ಲಿ ಸಿಕ್ಕಾಗ ನಾನು ಬೇರೆ ಕಡೆ ನೋಡಿದೆ. ಅವನ ಮನೆಯ ತೆಂಗಿನ ಮರಗಳನ್ನು ಕಂಡಾಗಲೆಲ್ಲ, ಅವು ಇರುವುದು ಇನ್ನು ಸ್ವಲ್ಪ ದಿನ ಎಂದುಕೊಳ್ಳುತ್ತಿದ್ದೆ.

ಜನವರಿಯ ಕೊನೆಗೆ ಭಟ್ಕಳ. ಸರ್ಕಲ್ಲಿನ ಬಳಿ ಒಬ್ಬ ಚಾಚಾನ ಬೇಕರಿ ಇತ್ತು. ನೆರಳಿರುವುದು ಅಲ್ಲಿ ಮಾತ್ರ, ಹಾಗಾಗಿ ಅವರ ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ನನ್ನ ಜೊತೆ ಕನ್ನಡ, ಮನೆಯವರ ಜೊತೆ ನವಾಯತಿ, ದಾರಿಯವರ ಜೊತೆ ಉರ್ದು, ಮೂರೂ ಅವರ ಬಾಯಲ್ಲಿ ಒಟ್ಟಿಗೇ ಓಡುತ್ತಿದ್ದವು. ಎರಡನೆಯ ದಿನ ಬೆಳಿಗ್ಗೆ ಹಣ್ಣಿನ ಕೈಗಾಡಿಯವನೊಬ್ಬ ದಾರಿಯಲ್ಲೇ ಗಾಡಿ ನಿಲ್ಲಿಸಿ ಗಿರಾಕಿಗೆ ಪಪ್ಪಾಯಿ ಕೊಯ್ಯತೊಡಗಿದ. ಹಿಂದೆ ಲಾರಿಗಳು ಹಾರ್ನ್ ಒತ್ತಿದವು. ಚಾಚಾ ಗಲ್ಲೆಯಿಂದ ಎದ್ದು ಕೂಗಿದರು: "ಅರೇ, ಬೀಚ್ ಮೇ ಮತ್ ರಖೋ! ಬೀಚ್ ಮೇ ಮತ್ ರಖೋ!"

ನನಗೆ ನಗು ಬಂತು. "ಇಲ್ಲಿ ಎಲ್ಲಿ ಚಾಚಾ ಬೀಚ್?" ಎಂದೆ.

"ಆ ಬೀಚ್ ಅಲ್ಲ ತಂಗಿ! ಸಮುದ್ರದ ಬೀಚ್ ಅಲ್ಲ," ಎಂದು ಅವರೂ ನಕ್ಕರು. "ನಡು. ರಸ್ತೆಯ ನಡುಮಧ್ಯ ತಂದು ಇಟ್ಟಿದ್ದಾನೆ ನೋಡು, ಪುಣ್ಯಾತ್ಮ."

ಶಾಲೆಯಲ್ಲಿ ಹಿಂದಿ ಓದಿದವಳು ನಾನು. ಆ ಶಬ್ದದ ಅರ್ಥ ನನಗೆ ಗೊತ್ತಿಲ್ಲದ್ದಲ್ಲ. ಅಪ್ಪನ ಬಾಯಿಂದ ಬಂದದ್ದರಿಂದ ನಾನೂ ಅದನ್ನು ಸಮುದ್ರವೆಂದೇ ಕೇಳಿಸಿಕೊಂಡಿದ್ದೆ. ಈಗ ಹೊಳನಗದ್ದೆಯ ಗದ್ದೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತ ಆ ಹಿಂದಿಯವ ಕಲ್ಲಿನ ನೆತ್ತಿ ತಟ್ಟಿ ಹೇಳಿದ್ದು ಕಣ್ಣಿಗೆ ಕಟ್ಟಿತು. ಬೀಚ್ ಕಾ. ನಡುವಿನದು. ಅದು ರಸ್ತೆಯ ಗಡಿಯಲ್ಲ, ನಡು. ರಸ್ತೆ ಅಲ್ಲಿಂದ ಶುರುವಾಗಿ ಪಡುವಣಕ್ಕೆ ಹೋಗುವುದಿಲ್ಲ, ಎರಡೂ ಬದಿಗೆ ಸಮನಾಗಿ ಹರಡುತ್ತದೆ. ಎಷ್ಟು ಹರಡುತ್ತದೆ ಎನ್ನುವುದು ಎಣಿಕೆಯ ಮೇಲೆ. ಎಣಿಕೆಯ ಹಾಳೆ ನನ್ನ ಮಡಿಲಲ್ಲಿತ್ತು.

ನಮ್ಮ ಮನೆಯ ಗೋಡೆ ಆಗ ಕಿಟಕಿಯ ಮಟ್ಟಕ್ಕೆ ಬಂದಿತ್ತು.

ಕೈಗಾಡಿ ಸರಿಯಿತು. ತಡೆದು ನಿಂತ ಲಾರಿಗಳೆಲ್ಲ ಒಟ್ಟಿಗೇ ಹೊರಟವು. ನಾನು ಪೆನ್ನು ಹಿಡಿದು ಕೂತಿದ್ದೆ. ಮೊದಲ ಲಾರಿ ಹೋಯಿತು, ಎರಡನೆಯದು ಹೋಯಿತು. ಗೀಟು ಹಾಕದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಲೋಕದಲ್ಲಿ ಎರಡು ಲಾರಿ ಕಡಿಮೆ, ಅಷ್ಟೇ. ಆ ಸಾಲಿನ ಕೊನೆಗೆ ಸದ್ದು ಮಾಡುತ್ತ ಒಂದು ಆಂಬುಲೆನ್ಸು ಬಂತು, ಅದೂ ದಕ್ಷಿಣಕ್ಕೆ. ಒಳಗೆ ಯಾರ ಕೈಯೂ ಕಾಣಲಿಲ್ಲ, ಗಾಜು ಏರಿಸಿತ್ತು. ನಾನು ಬಿಟ್ಟ ಎರಡು ಗೀಟನ್ನು ಮೊದಲು ಹಾಕಿದೆ. ಆಮೇಲೆ ಉಳಿದವನ್ನು. ಸಂಜೆಯವರೆಗೆ ಒಂದನ್ನೂ ಬಿಡಲಿಲ್ಲ. ಚಾಚಾ ಬನ್ನು ತಂದು ಕೊಟ್ಟು, "ಮುಖ ಯಾಕೆ ಬಿದ್ದುಹೋಯಿತು ತಂಗಿ?" ಎಂದು ಎರಡು ಸಲ ಕೇಳಿದರು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಪ್ಪ ಗೋಡೆಗೆ ನೀರು ಹಾಕುತ್ತಿದ್ದ. ಅಲ್ಲೇ ನಿಂತು ಹೇಳಿದೆ.

"ನಡು?" ಎಂದ. ಕೊಡಪಾನ ಕೆಳಗಿಟ್ಟ. "ಗದ್ದೆ ನಡುವಿಗೆ ಯಾರಾದ್ರೂ ಕಲ್ಲು ಹಾಕ್ತ್ರಾ? ಕಲ್ಲು ಹಾಕುದು ಅಂಚಿಗೆ."

"ಅವ್ರು ರಸ್ತೆಯ ನಡುವಿಗೆ ಹಾಕಿದ್ದಾರೆ ಅಪ್ಪ."

"ಅವ ಬೀಚ್ ಅಂದ. ನಾನು ಕಿವುಡನಾ?"

"ನೀನು ಕೇಳಿದ್ದು ಸರಿಯೇ. ಬೀಚ್ ಅಂದರೆ ಅವರ ಮಾತಲ್ಲಿ ನಡು."

ಅವನು ಮೇಸ್ತ್ರಿಯ ಹಗ್ಗ ತೆಗೆದುಕೊಂಡು ಕಲ್ಲಿನ ಹತ್ತಿರ ಹೋದ. ಒಂದು ತುದಿ ನನ್ನ ಕೈಗೆ ಕೊಟ್ಟು, ಕಲ್ಲಿನ ಮೇಲೆ ಒತ್ತಿ ಹಿಡಿಯಲು ಹೇಳಿ, ಮಾರು ಹಾಕುತ್ತ ಮನೆಯ ಕಡೆಗೆ ನಡೆದ. ನಾಲ್ಕು ಲೇನಿನ ಅರ್ಧ ಎಂದರೆ ಎಷ್ಟು ಮಾರು ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹಗ್ಗ ಮುಗಿದಲ್ಲಿ ನಿಂತ. ಅದು ಪಂಚಾಂಗದಿಂದ ಈಚೆಗೇ ಇತ್ತು, ಆದರೆ ಹಗ್ಗ ಗಿಡ್ಡದು.

ಪಡುಬದಿಯ ಗದ್ದೆಯವನು ಬೇಲಿಯ ಹತ್ತಿರ ಬಂದು ನಿಂತಿದ್ದ. "ಎಂತ ಅಳ್ಯುದು?" ಎಂದ. ಅಪ್ಪ ಮುಚ್ಚಿಡಲಿಲ್ಲ, ಹೇಳಿದ. ಆ ಮನುಷ್ಯ ತನ್ನ ತೆಂಗಿನ ಮರಗಳನ್ನೂ ಅದರ ಹಿಂದೆ ದೂರದಲ್ಲಿರುವ ತನ್ನ ಮನೆಯನ್ನೂ ತಿರುಗಿ ನೋಡಿದ. ಗಟ್ಟಿಯಾಗಿ ಉಸಿರು ಬಿಟ್ಟ.

"ಹಂಗಾದ್ರೆ ನನ್ನ ಮನೆವರೆಗೆ ಬರುದಿಲ್ಲ ಅದು," ಎಂದ. ನಗಲಿಲ್ಲ. ಹೋಗುವಾಗ ಮಾತ್ರ, ಅಪ್ಪನ ಮುಖ ನೋಡದೆ, "ಆವತ್ತು ಎರಡೂ ಕಡಿ ನೀವೇ ತಿಂದ್ರಿ ಅಲ್ದಾ," ಎಂದ.

ಮರುದಿನ ಮೇಸ್ತ್ರಿಗೆ ಬರಬೇಡ ಎಂದು ಹೇಳಿಯಾಯಿತು. ಕಿಟಕಿಯ ಮಟ್ಟದ ಗೋಡೆಗಳ ಮೇಲೆ ಅಪ್ಪ ತೆಂಗಿನ ಮಡಲು ಮುಚ್ಚಿದ. ಫೆಬ್ರವರಿಯಲ್ಲಿ ಎಣಿಕೆ ಮುಗಿದು ತಂಡ ಹೊರಟುಹೋಯಿತು. ಆಮೇಲೆ ಬಹಳ ದಿನ ಏನೂ ಆಗಲಿಲ್ಲ, ಅದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ವರದಿ ಮೇಲೆ ಹೋಗಿದೆ ಎಂದರು. ಹಣ ಬರುವುದಿಲ್ಲ, ಇದೂ ಹಿಂದಿನಂತೆಯೇ ಎಂದರು. ಆಗ ಅಪ್ಪ ಮಡಲು ತೆಗೆದು ಗೋಡೆ ನೋಡಿ ಬರುತ್ತಿದ್ದ. ಹಣ ಬಂತಂತೆ ಎಂದರು. ಆಗ ಮತ್ತೆ ಮುಚ್ಚುತ್ತಿದ್ದ. ಮಳೆಗಾಲದಲ್ಲಿ ಅಡುಗೆಮನೆಯೊಳಗೆ ಹುಲ್ಲು ಎದೆಮಟ್ಟ ಬೆಳೆಯಿತು. ಸುತ್ತಲಿನ ಹಸಿರಿನಲ್ಲಿ ಆ ಕಲ್ಲಿನ ಹಳದಿ ಮಾತ್ರ ಮಳೆಗೆ ತೊಳೆದು ಇನ್ನಷ್ಟು ಎದ್ದು ಕಾಣುತ್ತಿತ್ತು. ದನಗಳು ಕೂಡ ಅದಕ್ಕೆ ಮೈ ಉಜ್ಜುತ್ತಿರಲಿಲ್ಲ ಎಂದು ಡೈರಿಯಲ್ಲಿ ಬರೆದಿದ್ದೇನೆ. ನಿಜವೋ, ನನಗೆ ಹಾಗೆ ಕಂಡದ್ದೋ ಗೊತ್ತಿಲ್ಲ.

ನವರಾತ್ರಿಯ ಮೊದಲು ರಸ್ತೆಗೆ ಮಂಜೂರಾತಿ ಸಿಕ್ಕಿತೆಂದು ಪೇಪರಿನಲ್ಲಿ ಬಂತು. ನಾಲ್ಕು ಲೇನು. ಕುಮಟಾ ಪೇಟೆಯಲ್ಲಿ ಯಾರೋ ಪಟಾಕಿ ಹೊಡೆದರು. ಅಪ್ಪ ಆ ಪೇಪರನ್ನು ಮಡಚಿ ಮಿಲ್ಲಿನಿಂದ ತಂದಿದ್ದ, ಬಿಚ್ಚಿ ನನ್ನ ಮುಂದೆ ಇಟ್ಟ. ಓದಿ ಹೇಳು ಎನ್ನಲಿಲ್ಲ. ಓದಲು ಅವನಿಗೆ ಬರುತ್ತದೆ.

ಮುಂದಿನ ಸೋಮವಾರ ಬೆಳಿಗ್ಗೆ ಮೂವರು ಟೇಪು ಹಿಡಿದುಕೊಂಡು ಬಂದರು. ಮೂವರೂ ಹೊಸಬರು, ಹಿಂದಿಯವರು. ಒಬ್ಬ ಟೇಪಿನ ಕೊಂಡಿಯನ್ನು ಹಳದಿ ಕಲ್ಲಿನ ಮೇಲೆ ಹಿಡಿದು ಕೂತ. ಇನ್ನೊಬ್ಬ ಟೇಪು ಬಿಚ್ಚುತ್ತ ನಮ್ಮ ಕಡೆಗೆ ನಡೆಯತೊಡಗಿದ. ಮೂರನೆಯವನ ಕೈಯಲ್ಲಿ ಬಣ್ಣದ ಡಬ್ಬಿ. ಅಪ್ಪ, ಆಯಿ, ನಾನು ಹಳೆಯ ಮನೆಯ ಅಂಗಳದ ತುದಿಯಲ್ಲಿ ನಿಂತು ನೋಡಿದೆವು. ಟೇಪಿನವನು ಪಂಚಾಂಗದ ಹತ್ತಿರ ಬಂದು ಒಂದು ಕ್ಷಣ ನಿಂತ. ಆಮೇಲೆ ದಾರಂದ ಕೂರಿಸದ ಬಾಗಿಲಿನ ಜಾಗದಿಂದ ಒಳಗೆ ಹೋಗಿ, ಹುಲ್ಲನ್ನು ಕಾಲಿನಿಂದ ಸರಿಸಿ, ಆಯಿ ಕಪಾಟಿಗೆ ಕೈ ಚಾಚಿದ್ದ ಜಾಗದಲ್ಲಿ ಟೇಪು ಎಳೆದು ನಿಂತ. ಕಲ್ಲಿನ ಹತ್ತಿರ ಕೂತವನು ಅಲ್ಲಿಂದ ಕೂಗಿದ.

"ಔರ್ ಆಗೇ! ಔರ್ ಆಗೇ!"

ಅಪ್ಪ ನನ್ನ ಕಡೆ ತಿರುಗಿದ. ಕಿವಿಯ ಹಿಂದೆ ಕೈ ಇಟ್ಟುಕೊಂಡಿದ್ದ.

"ಎಂತ ಹೇಳ್ದ ಅವ? ಸರಿಯಾಗಿ ಕೇಳಿ ಹೇಳು, ತಂಗಿ."

"ಇನ್ನೂ ಮುಂದೆ ಅಂತೆ," ಎಂದೆ.